ಸುಮ್ಮನೆ ಕೆರೆ ನೋಡಲು ಹೋದದ್ದು

ನಮ್ಮ ಸೀಮೆಯಲ್ಲಿ ಮನುಷ್ಯ ಕಾರಣವಿಲ್ಲದೆ ಊರು ಬಿಡುವುದಿಲ್ಲ. ಸಂತೆ ಇರಬೇಕು, ಕೋರ್ಟಿನಲ್ಲಿ ತಾರೀಕು ಇರಬೇಕು, ಯಾರಾದರೂ ಸತ್ತಿರಬೇಕು, ಇಲ್ಲವೇ ಎಲ್ಲಿಯೋ ಒಂದು ಹೆಣ್ಣು ಮದುವೆಗೆ ಬಂದಿರಬೇಕು. ಇವು ಯಾವುವೂ ಇಲ್ಲದೆ ಬರೀ ನೋಡುವುದಕ್ಕೆಂದು ಗಾಡಿ ಕಟ್ಟಿಸಿದವರಲ್ಲಿ ಹಾನಗಲ್ಲಿನ ಮಟ್ಟಿಗೆ ನಾನೇ ಮೊದಲಿಗ. ಕೊನೆಯವನೂ ನಾನೇ ಇರಬೇಕು.

ತಪ್ಪು ನನ್ನದಲ್ಲ, ಮಾಸಪತ್ರಿಕೆಗಳದು. ಆಗಿನ್ನೂ ಎರಡನೆಯ ಮಹಾಯುದ್ಧ ಶುರುವಾಗಿರಲಿಲ್ಲ. ಕಾಗದ ಅಗ್ಗವಾಗಿತ್ತು, ಬರೆಯುವವರು ಇನ್ನೂ ಅಗ್ಗವಾಗಿದ್ದರು. ತೆಗೆದ ಪುಟದಲ್ಲೆಲ್ಲ ಒಬ್ಬ ರಸಿಕ ಗುಡ್ಡದ ತುದಿಯಲ್ಲಿ ನಿಂತು ಸೃಷ್ಟಿಸೌಂದರ್ಯಕ್ಕೆ ಮೂರ್ಛೆ ಹೋಗುತ್ತಿದ್ದ. ನಾನೂ ಕನ್ನಡ ಶಾಲೆಯ ಮಾಸ್ತರ. ಮೂರ್ಛೆ ಹೋಗುವ ಯೋಗ್ಯತೆ ನನಗೇನು ಕಡಿಮೆಯೇ? ಒಂದು ರವಿವಾರ ಎದ್ದವನೇ ಹೆಂಡತಿ ಗಂಗವ್ವನಿಗೆ ಅಪ್ಪಣೆ ಕೊಟ್ಟೆ: "ರೊಟ್ಟಿ ಕಟ್ಟು. ತಿಳವಳ್ಳಿ ಹಾದ್ಯಾಗ ಒಂದು ಕೆರಿ ಐತಿ. ಮಗಳನ್ನ ಕರಕೊಂಡು ನೋಡಿ ಬರೋಣು."

"ಕೆರ್ಯಾಗ ಏನೈತ್ರಿ?"

"ನೀರು."

"ನೀರು ನಮ್ಮ ಹಿತ್ತಲ ಬಾವ್ಯಾಗೂ ಐತೆಲ್ರಿ," ಅಂದಳು. ಆದರೂ ರೊಟ್ಟಿ ಕಟ್ಟಿದಳು.

ಅವಳ ಮುಖ ಬಿಗಿದುಕೊಂಡದ್ದನ್ನು ಕಂಡೆ. ನಿದ್ದೆ ಸಾಲದೆಂದು ತಿಳಿದೆ. ವಿಷಯ ಬೇರೆಯೇ ಇತ್ತು. ನಮಗಿದ್ದವಳು ಒಬ್ಬಳೇ ಮಗಳು, ನಾಲ್ಕು ವರ್ಷದ ತಂಗೆವ್ವ. ಗಂಡು ಹುಟ್ಟಲಿಲ್ಲ, ಇನ್ನೊಂದು ಲಗ್ನ ಮಾಡಿಕೋ ಎಂದು ನನ್ನ ಅವ್ವ ಒಂದೇ ಸಮ ಗುಣುಗುಣು ಹಚ್ಚಿದ್ದಳು. ನಾನು ಹೂಂ ಅಂದಿರಲಿಲ್ಲ. ಊಹೂಂ ಅಂತಲೂ ಅಂದಿರಲಿಲ್ಲ. ನನ್ನಂಥವರಿಗೆ ಊರಲ್ಲಿ ಸಾತ್ವಿಕರು ಅನ್ನುತ್ತಾರೆ. ಎರಡನೆಯ ಸಂಬಂಧ ನೋಡಲು ಹೊರಟವನು ಮೊದಲನೆಯವಳನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೋಗುವುದು ನಮ್ಮ ಕಡೆಯ ಪದ್ಧತಿ. ಅವಳ ಒಪ್ಪಿಗೆ ಇದೆಯೆಂದು ಹೆಣ್ಣಿನವರು ಕಣ್ಣಾರೆ ನೋಡಲಿ ಅಂತ! ಕೆರೆಯ ಧ್ಯಾನದಲ್ಲಿದ್ದ ನನಗೆ ಆ ಪದ್ಧತಿ ನೆನಪಿಗೇ ಬರಲಿಲ್ಲ. ಅವಳಿಗೆ ಅದೊಂದೇ ನೆನಪಿತ್ತು.

ದಾರಿಯಲ್ಲಿ ಭತ್ತದ ಗದ್ದೆ ಬಂತು, ಕಬ್ಬು ಬಂತು, ಬೆಳ್ಳಕ್ಕಿ ಬಂತು. ಒಂದೊಂದನ್ನೂ ಬೆರಳು ಮಾಡಿ ವರ್ಣಿಸಿದೆ. ಗಂಗವ್ವ ಸೆರಗು ಹೊದ್ದು ಗಾಡಿಯ ಹಿಂದಿನ ಧೂಳು ನೋಡುತ್ತಿದ್ದಳು. ನನ್ನ ವರ್ಣನೆ ರಂಗೇರಿದಾಗಲೆಲ್ಲ ತಂಗೆವ್ವ, "ಅಪ್ಪಾ, ಉಚ್ಚಿ ಬಂದೈತಿ" ಅನ್ನುತ್ತಿದ್ದಳು. ಪತ್ರಿಕೆಯ ರಸಿಕರು ಮಕ್ಕಳನ್ನು ಏಕೆ ಕರೆದೊಯ್ಯುತ್ತಿರಲಿಲ್ಲವೆಂದು ಅವತ್ತು ತಿಳಿಯಿತು.

ಕೆರೆಯ ದಂಡೆಯಲ್ಲಿ ಕೂತು ಇನ್ನೇನು ಮೂರ್ಛೆ ಹೋಗಬೇಕು, ಅಷ್ಟರಲ್ಲಿ ಪಕ್ಕದ ಹಳ್ಳಿಯ ರುಮಾಲಿನ ಯಜಮಾನರೊಬ್ಬರು ಬಂದರು. ಗಾಡಿ ನೋಡಿದರು, ಗಂಗವ್ವನನ್ನು ನೋಡಿದರು, ಹೆಣ್ಣುಕೂಸನ್ನು ನೋಡಿದರು. ಅವರಿಗೆ ಎಲ್ಲವೂ ತಿಳಿದುಹೋಯಿತು.

"ಇಲ್ಲ್ಯಾಕ ಕುಂತ್ರಿ? ನಾಚಬ್ಯಾಡ್ರಿ. ಮನೀಗೆ ಬರ್ರಿ."

ಹಳ್ಳಿಯವರ ಆದರಾತಿಥ್ಯ ಎಂದರೆ ಇದು ಎಂದುಕೊಂಡು ಹೋದೆ. ಕಂಬಳಿ ಹಾಸಿದರು, ಶಿರಾ ಕೊಟ್ಟರು. ಮನೆಯ ಮುದುಕಿ ಎದುರಿಗೆ ಕೂತು ಗಂಗವ್ವನನ್ನು ಕೇಳಿದಳು: "ನಮ್ಮ ಮೊಮ್ಮಗಳನ್ನ ತೋರಸ್ತೇವಿ. ಮೊದಲ ನೀ ಹೇಳವಾ, ನಿಂದು ಒಪ್ಪಿಗಿ ಐತಿಲ್ಲೋ?"

ಗಂಗವ್ವನ ಕಣ್ಣು ತುಂಬಿ ಬಂದವು. "ಇದಕ್ಕ ಕರಕೊಂಡು ಬಂದ್ರೇನ್ರಿ?" ಅಂದಳು ನನಗೆ, ಸಣ್ಣ ದನಿಯಲ್ಲಿ.

"ಅಯ್ಯೋ ಇಲ್ಲ! ನಾವು ಕೆರಿ ನೋಡಾಕ ಬಂದೇವ್ರಿ!" ಎಂದು ಚೀರಿದೆ.

"ಕೆರ್ಯಾಗ ಏನ ಕಳಕೊಂಡೀರಿ?" ಯಜಮಾನರು ಕೇಳಿದರು.

"ಏನೂ ಇಲ್ರಿ. ಬಿಸಲು, ನೀರು, ಬೆಳ್ಳಕ್ಕಿ... ಸುಮ್ಮನ ನೋಡಾಕ."

ಯಜಮಾನರು ಮುದುಕಿಯ ಮುಖ ನೋಡಿದರು, ಮುದುಕಿ ನನ್ನ ಮುಖ ನೋಡಿದಳು. ಗಂಗವ್ವನೂ ನೋಡಿದಳು. ಸುಳ್ಳು ಹೇಳುವಷ್ಟು ಬುದ್ಧಿ ನನಗಿಲ್ಲವೆಂದು ಅವಳೊಬ್ಬಳಿಗೇ ಗೊತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಮುದುಕಿಯ ಕಡೆ ತಿರುಗಿದಳು.

"ಹೌದ್ರಿ ಅವ್ವಾರ, ಇವರು ಹಿಂಗ. ಹುಣ್ಣಿವಿ ಹತ್ರ ಬಂದ್ರ ಇನ್ನಾ ಜಾಸ್ತಿ."

"ಅಪ್ಪ ಚಂದಪ್ಪನ ಜೋಡಿ ಮಾತಾಡ್ತಾನ," ಅಂದಳು ತಂಗೆವ್ವ, ಬಾಯಿತುಂಬ ಶಿರಾ ಇಟ್ಟುಕೊಂಡು. ನಾನು ಪದ್ಯ ಓದಿಕೊಳ್ಳುತ್ತಿದ್ದೆ ಎಂದು ವಿವರಿಸಿದೆ. ಅದರಿಂದ ನನ್ನ ಕೇಸು ಇನ್ನಷ್ಟು ಕೆಟ್ಟಿತು.

"ಔಷಧ ಮಾಡಿಸೀಯೇನವಾ?" ಎಂದು ಮುದುಕಿ ಗಂಗವ್ವನ ತಲೆ ಸವರಿದಳು. ನಮ್ಮನ್ನು ಬಹಳ ಮರ್ಯಾದೆಯಿಂದ, ಬಹಳ ಬೇಗ ಗಾಡಿ ಹತ್ತಿಸಿದರು.

ಮನೆಯಲ್ಲಿ ಅವ್ವ ಬಾಗಿಲಲ್ಲೇ ಕೇಳಿದಳು: "ಎಲ್ಲಿ ಹೋಗಿದ್ರಿ?"

"ಹೆಣ್ಣು ನೋಡಾಕ್ರಿ ಅತ್ತಿ," ಅಂದಳು ಗಂಗವ್ವ. "ಅವರು ಒಲ್ಲೆ ಅಂದ್ರು."

ಮುಂದಿನ ಸಂತೆಯ ಹೊತ್ತಿಗೆ ಮಾಸ್ತರನ ತಲೆ ನೆಟ್ಟಗಿಲ್ಲವೆಂಬ ಸುದ್ದಿ ತಾಲೂಕು ತುಂಬಿತು. ಹೆಣ್ಣು ಕೊಡುತ್ತೇವೆಂದು ಯಾರೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅವ್ವ ಲಗ್ನದ ಮಾತು ಬಿಟ್ಟು ನನ್ನ ರಟ್ಟೆಗೆ ತಾಯಿತ ಕಟ್ಟಿಸಿದಳು. ನನಗೆ ಸಂತೋಷವೇ ಆಯಿತು, ಸುಳ್ಳೇಕೆ ಹೇಳಲಿ? ಮುಖವನ್ನೇ ನೋಡದ ಹುಡುಗಿ ನನ್ನನ್ನು ಒಲ್ಲೆ ಅಂದಳಲ್ಲ ಎಂದು ಸ್ವಲ್ಪ ಕೆಟ್ಟದೆನಿಸಿತು, ಅಷ್ಟೆ. ಅವ್ವನ ಮುಂದೆ ನಾನು ಬಾಯಿಬಿಟ್ಟು ಆಡಲಾರದ ಊಹೂಂ ಎಂಬ ಮಾತನ್ನು ನನ್ನ ಪರವಾಗಿ ಇಡೀ ತಾಲೂಕೇ ಆಡಿ ಮುಗಿಸಿತು ಎಂದು ಒಂದು ದಿನ ಗಂಗವ್ವನ ಮುಂದೆ ನಕ್ಕೆ.

ಅವಳು ನಗಲಿಲ್ಲ. "ಅದನ್ನ ನೀವ ಅಂದಿದ್ರ, ನಾ ಹುಚ್ಚನ ಹೇಣ್ತಿ ಅನ್ನಿಸಿಕೊಳ್ಳೋದಾದ್ರೂ ತಪ್ಪತಿತ್ತಲ್ರಿ," ಅಂದಳು.