ಮಾಮನ ಎಡಿಟರು ಮತ್ತು ಊರವರ ಕಂಪ್ಯೂಟರು

ನಮ್ಮ ಮಾಮ, ಅಂದರೆ ನನ್ನ ಅಕ್ಕನ ಗಂಡ, ನಿಮ್ಮ ಮನೆಗೆ ಬರುತ್ತಾರೆಂದು ತಿಳಿದರೆ ದಯವಿಟ್ಟು ಮೊದಲು ಕಂಪ್ಯೂಟರನ್ನು ಬಚ್ಚಿಡಿ. ಬಂಗಾರ ಹೊರಗಿದ್ದರೂ ಚಿಂತೆಯಿಲ್ಲ, ಅವರು ಕಣ್ಣೆತ್ತಿಯೂ ನೋಡುವುದಿಲ್ಲ! ಕಾಲಿಗೆ ಕೊಟ್ಟ ನೀರನ್ನೂ ಮುಟ್ಟದೆ, "ನಿಮ್ಮ ಮನ್ಯಾಗ ಕಂಪ್ಯೂಟರ್ ಐತೇನ್ರಿ?" ಎನ್ನುತ್ತಾ ಜೇಬಿನಿಂದ ಪೆನ್ ಡ್ರೈವ್ ತೆಗೆಯುತ್ತಾರೆ.

ಅದರಲ್ಲಿರುವುದು ಅವರೇ ಬರೆದ ಟೆಕ್ಸ್ಟ್ ಎಡಿಟರು. ಪತ್ರ, ಅರ್ಜಿ ಟೈಪು ಮಾಡುವ ಸಾಧನ. ಮೌಸ್ ಬೇಡ, ಚಿತ್ರವಿಲ್ಲ. ಕಪ್ಪು ಪರದೆಯ ಮೇಲೆ ಮಿಣುಕುವ ಒಂದು ಗೀಟು, ಅಷ್ಟೇ. ಎಲ್ಲವನ್ನೂ ಕೀಲಿ ಒತ್ತಿಯೇ ಹೇಳಬೇಕು. ಬರೆದ ಸಾಲನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ.

ಇದನ್ನು ಬರೆದದ್ದು ಅಕ್ಕನಿಗಾಗಿ, ಒಪ್ಪಿದೆ. ಸಿಂಧನೂರಿನಲ್ಲಿ ಅವಳದು ಟೈಪಿಂಗ್ ಅಂಗಡಿ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗುತ್ತಾ ಬಂದು, ಈಗ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಕೆಲಸ ಬಿಟ್ಟುಹೋದರೆ ತಾನು ಯಾರಿಗೂ ಬೇಡದವಳಾದೇನೆಂಬ ಹೆದರಿಕೆ ಅವಳಿಗೆ. ಆದರೆ ಅಂಗಡಿಯಲ್ಲಿರುವುದು ಒಂದೇ ಕಂಪ್ಯೂಟರು. ಅದರಲ್ಲಿ ಓಡಿದರೆ ಸಾಲದೇ? ಕಂಡವರ ಮನೆಯ ಕಂಪ್ಯೂಟರಿಗೆಲ್ಲ ಇದನ್ನು ಹೊಂದಿಸುವ ಹುಚ್ಚು ಯಾಕೆ?

ಸಾಲಗುಂದದಲ್ಲಿ ಚಿಕ್ಕಮ್ಮನ ಮನೆಗೆ ಅಂಟಿಕೊಂಡೇ ಅವರ ಅಕ್ಕಿ ಗಿರಣಿ. ಅಲ್ಲಿ ಭತ್ತದ ಟ್ರ್ಯಾಕ್ಟರು ತೂಗುವ ಕಂಪ್ಯೂಟರಿಗೇ ಪೆನ್ ಡ್ರೈವ್ ಚುಚ್ಚಿದರು. ತೂಕ ನಿಂತಿತು. ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂತು. ರೈತರೆಲ್ಲ ಹಾರ್ನ್ ಹೊಡೆದು ಬೈಯುವಾಗ ಮಾಮ ಕೈಯೆತ್ತಿ, "ಸುಮ್ನಿರ್ರೀ, ಅದು ಓದೂದು ಕೇಳವಲ್ದು!" ಎಂದರು.

ಲಿಂಗಸುಗೂರಿನಲ್ಲಿ ಅಕ್ಕನ ಮಗಳನ್ನು ಕೊಟ್ಟ ಬೀಗರ ಮನೆ. ಆ ಕಂಪ್ಯೂಟರಿನಲ್ಲಿ ಬರೆದದ್ದೆಲ್ಲ ಒಂದೇ ಸಾಲಾಗಿ ಉದ್ದಕ್ಕೆ ಓಡತೊಡಗಿತು. ಸಾಲು ಮುಗಿಯಿತೆನ್ನಲು ಒಂದು ಕಂಪ್ಯೂಟರಿಗೆ ಒಂದು ಗುರುತು ಸಾಕಂತೆ, ಇನ್ನೊಂದಕ್ಕೆ ಎರಡು ಬೇಕಂತೆ! ಹೋಳಿಗೆ ಆರಿ ತಣ್ಣಗಾದರೂ ಮಾಮ ಏಳಲಿಲ್ಲ. ಹೊರಡುವಾಗ ಬೀಗರ ಕೈಗೆ ಪೆನ್ ಡ್ರೈವ್ ಇಟ್ಟು, "ಸೋರ್ಸ್ ಕೋಡ್ ಸಮೇತ ಕೊಟ್ಟೀನ್ರಿ, ನಾ ಇರಲಿಲ್ಲಂದ್ರೂ ಯಾರರ ರಿಪೇರಿ ಮಾಡಬೌದು" ಎಂದರು. ಬೀಗರು ಅದನ್ನು ತಿರುಗಿಸಿ ನೋಡಿ ನನ್ನ ಕಿವಿಯಲ್ಲಿ, "ಇದನ್ನ ದೇವರ ಜಗಲಿ ಮ್ಯಾಲ ಇಡೂದೋ, ಫ್ರಿಜ್ಜಿನಾಗೋ?" ಎಂದು ಕೇಳಿದರು.

ಮಸ್ಕಿಯ ನನ್ನ ಮನೆಯನ್ನಾದರೂ ಬಿಟ್ಟರೇ? ಮಂಚದ ಕೆಳಗಿದ್ದ ಹಳೇ ಕಂಪ್ಯೂಟರನ್ನು ಎಳೆದು ತಂದು ಇಡೀ ಭಾನುವಾರ ನುಂಗಿದರು.

"ಮಾಮಾ, ಇದು ಸತ್ತು ಯಾವ ಕಾಲಾತು. ಬಿಡ್ರಿ."

"ಹೊಸಾದ್ರಾಗ ಯಾವಾನಾದ್ರೂ ಓಡಿಸ್ತಾನಲೇ. ಇದ್ರಾಗ ಓಡಬೇಕು!"

ಸಂಜೆಗೆ ಅದು ಓಡಿತು. ನನ್ನ ಹೆಂಡತಿ ಮಾತ್ರ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮಾಮ ಮಾಡಿದ್ದಕ್ಕೆ ನನಗೆ ಶಿಕ್ಷೆ!

ಮೊನ್ನೆ ನನ್ನ ಮಗಳ ಲಗ್ನ ಗೊತ್ತಾಯಿತು. ಕಣ್ಣು ಹೋದಮೇಲೆ ಅಕ್ಕ ಯಾರ ಮನೆಗೂ ಹೋದವಳಲ್ಲ. "ಮಂದಿ ಮನ್ಯಾಗ ಮೂಲಿ ಹಿಡದು ಕುಂದ್ರಾಕ ನಾ ಬರಂಗಿಲ್ಲ" ಎನ್ನುತ್ತಿದ್ದಳು. ಅಂಥವಳು ತಾನಾಗಿ ಬಸ್ ಹತ್ತಿ, ಮಾಮನ ಕೈ ಹಿಡಿದು ನಮ್ಮ ಮನೆಗೆ ಬಂದಳು. "ನನ್ನ ಸೋದರಸೊಸಿ ಲಗ್ನಪತ್ರಿಕಿ ಬ್ಯಾರೆಯವ್ರು ಯಾಕ ಮಾಡಬೇಕು?" ಎಂದು ನೇರ ಆ ಹಳೇ ಕಂಪ್ಯೂಟರಿನ ಮುಂದೆ ಕುಳಿತಳು. ಬೆರಳು ತಡವರಿಸಲಿಲ್ಲ. ತನ್ನ ಅಂಗಡಿಯಲ್ಲಿ ಕುಳಿತಂತೆಯೇ ಕೀಲಿಗಳು ಪಟಪಟ ಸದ್ದು ಮಾಡಿದವು.

ನಾನು ಮಾಮನ ಮುಖ ನೋಡಿದೆ. ಅವರು ಮೆಲ್ಲಗೆ, "ಆಕಿ ಯಾರ ಮನಿಗಿ ಹೋದ್ರೂ ಆಕಿ ಕೆಲಸ ಆಕಿಗಿ ಸಿಗಬೇಕಲೇ" ಎಂದರು.

ಸಾಲಗುಂದ, ಲಿಂಗಸುಗೂರು, ಮಸ್ಕಿ: ಈ ಪುಣ್ಯಾತ್ಮ ಕಾಡಿದ್ದೆಲ್ಲ ಅಕ್ಕ ಹೋಗಿ ಬರಬೇಕಾದ ಮನೆಗಳನ್ನೇ! ನನಗೆ ದುಃಖ ಉಕ್ಕಿ ಬಂತು. ಪತ್ರಿಕೆಯ ಒಕ್ಕಣೆ ಹೇಳುತ್ತಿದ್ದವನು ನಡುವೆಯೇ ಸೊರಕ್ಕನೆ ಮೂಗೆಳೆದುಕೊಂಡೆ.

ಅಕ್ಕ ಪರದೆಯತ್ತಲೇ ಮುಖ ಮಾಡಿ ಗದರಿದಳು: "ಮೂಗು ಏರಸಬ್ಯಾಡ. ಮುಂದಿನ ಸಾಲು ಹೇಳು."