ಲಿಫ್ಟ್ ಆಫೀಸಿನ ಕೆಲಸದ ದಿನಗಳು

ದಿನ ಎಣಿಸೋದು ಮಕ್ಕಳಾಟ ಅಂದ್ಕೊಂಡವರು ನಮ್ಮ ಆಫೀಸಿಗೆ ಬಂದು ಒಂದು ವಾರ ಕೂತ್ಕೋಬೇಕು. ರಾಜಾಜಿನಗರದಲ್ಲಿ ಲಿಫ್ಟ್ ರಿಪೇರಿ ಮಾಡೋ ಸಣ್ಣ ಕಂಪನಿ ನಮ್ಮದು. ದೂರು ಬಂದಾಗಿನಿಂದ ಲಿಫ್ಟ್ ಸರಿಹೋಗೋವರೆಗೆ ಎಷ್ಟು ಕೆಲಸದ ದಿನ ಹಿಡೀತು ಅಂತ ಕಂಪ್ಯೂಟರಿನಲ್ಲಿ ರಿಪೋರ್ಟ್ ತೆಗೆಯೋದು ನನ್ನ ಕೆಲಸ. ತೆಗೆದಾಗಲೆಲ್ಲ ಏನಾದರೊಂದು ಆಗೇ ಆಗುತ್ತೆ.

ಶನಿವಾರ

ಹೊಸ ಸಾಫ್ಟ್‌ವೇರಿನ ಮೊದಲ ರಿಪೋರ್ಟ್ ನೋಡಿ ಓನರ್ ಹಿಗ್ಗಿಹೋದರು. ಎಲ್ಲ ಕೆಲಸ ಬೇಗ ಬೇಗ ಮುಗಿದಿತ್ತು. ನಮ್ಮ ಸರ್ವೀಸ್ ಮೇಡಂ ಮಾತ್ರ ಕನ್ನಡಕ ಮೇಲೆತ್ತಿ, "ನಾವು ಇಷ್ಟು ಚುರುಕಿಲ್ವಲ್ಲಪ್ಪಾ" ಅಂದರು. ಪುಕ್ಕಟೆ ಬಂದ ಹೊಗಳಿಕೆಯನ್ನೂ ತಿರುಗಿಸಿ ನೋಡೋ ಹೆಂಗಸು ಅವರು. ಹುಡುಕಿದರೆ, ಸಾಫ್ಟ್‌ವೇರು ಭಾನುವಾರದ ಜೊತೆ ಶನಿವಾರವನ್ನೂ ರಜೆ ಅಂತ ಬಿಟ್ಟುಬಿಟ್ಟಿತ್ತು. ನಮಗೋ ಶನಿವಾರ ಪೂರ್ತಿ ಡ್ಯೂಟಿ.

ಸುದ್ದಿ ಗೊತ್ತಾಗಿದ್ದೇ ತಡ, ಮೆಕ್ಯಾನಿಕ್‌ಗಳೆಲ್ಲ ಮೇಡಂ ಟೇಬಲ್ ಮುಂದೆ ನಿಂತರು. "ಮೊನ್ನೆ ಸೇರಿದ ಸಾಫ್ಟ್‌ವೇರಿಗೆ ಶನಿವಾರ ರಜೆ. ಇಷ್ಟು ವರ್ಷದಿಂದ ದುಡೀತಿರೋ ನಮಗಿಲ್ವಾ ಮೇಡಂ?"

ಹೊಸತೊಡಕು

ಹಬ್ಬದ ರಜೆಗಳನ್ನ ಸಾಫ್ಟ್‌ವೇರಿಗೆ ನಾವೇ ಹೇಳಿಕೊಡಬೇಕು. ಯುಗಾದಿ ಹೇಳಿದ್ದೆವು. ಮಾರನೇ ದಿನ ಹೊಸತೊಡಕು, ಮನೆಮನೇಲೂ ಬಾಡೂಟ. ಆಫೀಸ್ ತೆರೆದಿರುತ್ತೆ, ಮೆಕ್ಯಾನಿಕ್ ಒಬ್ಬನೂ ಬರಲ್ಲ, ರಿಪೋರ್ಟಿನಲ್ಲಿ ಎಲ್ಲರಿಗೂ ತಡ ಅಂತ ಬೀಳುತ್ತೆ.

ಮೇಡಂ ದಾವಣಗೆರೆ ಕಡೆಯ ಲಿಂಗಾಯತರು. ಅವರ ಮನೆಯೊಳಗೆ ಮೊಟ್ಟೆ ಕೂಡ ಬಂದಿಲ್ಲ. ಆದರೂ ಬಾಡೂಟದ ಪರವಾಗಿ ಓನರ್ ಹತ್ತಿರ ವಾದಕ್ಕೆ ಹೋದವರು ಅವರೇ. "ರಜೆ ಅಂತ ಹಾಕಿಬಿಡಿ ಸಾರ್. ಅವತ್ತು ಬಲವಂತಕ್ಕೆ ಬಂದವನ ಕೈ ಲಿಫ್ಟ್ ಮೇಲಿದ್ರೂ ಮನಸ್ಸು ಪಾತ್ರೆ ಹತ್ರ ಇರುತ್ತೆ. ಆ ಲಿಫ್ಟ್ ನಾನಂತೂ ಹತ್ತಲ್ಲ." ರಜೆ ಸಿಕ್ಕಿತು.

ಮೆಕ್ಯಾನಿಕ್‌ಗಳು ಸಂತೋಷ ತಡೆಯಲಾರದೆ ಮೇಡಂ ಅವರನ್ನೇ ಊಟಕ್ಕೆ ಕರೆದರು! ಮೇಡಂಗೆ ಒಂಚೂರೂ ಬೇಜಾರಾಗಲಿಲ್ಲ. "ಹಿಂದಿನ ದಿನದ ಒಬ್ಬಟ್ಟು ಉಳಿಸಿದ್ರೆ ಬರ್ತೀನಿ ಕಣ್ರಪ್ಪಾ."

ಮೈನಸ್

ಒಂದು ಸೋಮವಾರ ರಿಪೋರ್ಟಿನಲ್ಲಿ ಬಸವೇಶ್ವರನಗರದ ಒಂದು ಕೆಲಸಕ್ಕೆ "ಮೈನಸ್ ಒಂದು ದಿನ" ಅಂತ ಬಂತು. ಅಂದರೆ, ದೂರು ಬರೋಕ್ಕೆ ಮುಂಚೆನೇ ರಿಪೇರಿ! ಓನರ್ ಆ ಮೆಕ್ಯಾನಿಕ್ಕನ್ನ ಕರೆಸಿದರು. "ಏನಯ್ಯಾ, ಕನಸು ಬಿತ್ತಾ?"

"ಇಲ್ಲ ಸಾರ್, ನಮ್ಮನೆ ಎದುರು ಬಿಲ್ಡಿಂಗ್. ಭಾನುವಾರ ಅಜ್ಜಿಯೊಬ್ರು ಒಳಗೆ ಸಿಕ್ಕಿಹಾಕ್ಕೊಂಡು ಕೂಗ್ತಿದ್ರು. ತಿಂಡಿ ಬಿಟ್ಟು ಓಡಿದೆ, ಇಳಿಸಿದೆ, ಸರಿನೂ ಮಾಡಿದೆ. ಆಫೀಸ್ ಬಾಗಿಲು ಹಾಕಿತ್ತು, ದೂರು ಇವತ್ತು ಬರೆಸಿದೆ. ಸೋಮವಾರದವರೆಗೂ ಅಲ್ಲೇ ಇರಿ ಅಜ್ಜಿ, ಕಂಪ್ಲೇಂಟ್ ನಂಬರ್ ಬರ್ಲಿ ಅನ್ನೋಕಾಗತ್ತಾ ಸಾರ್?"

ಓನರ್ ಎದ್ದು ಅವನ ಕೈ ಕುಲುಕಿದರು. ಆಮೇಲೆ ನನ್ನ ಕಡೆ ತಿರುಗಿ, "ಆ ಮೈನಸ್ ಅಳಿಸಬೇಡಿ. ಈ ಆಫೀಸಲ್ಲಿ ಪ್ಲಸ್ ಅಂತ ಇರೋದು ಅದೊಂದೇ" ಅಂದರು.

ಮೊಣಕಾಲು

ದಸರಾ ಸಮಯದಲ್ಲಿ ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟು, ಮೋಟರ್ ಬರೋದು ತಡವಾಯಿತು. ಸಂಘದ ಅಧ್ಯಕ್ಷೆ ನಾಲ್ಕನೇ ಮಹಡಿಯ ವಯಸ್ಸಾದ ಆಂಟಿ. "ಬಂದು ಉತ್ತರ ಕೊಡಿ, ಇಲ್ಲಾಂದ್ರೆ ಬೇರೆಯವರಿಗೆ ಕಾಂಟ್ರಾಕ್ಟ್" ಅಂತ ಫೋನ್ ಮಾಡಿದರು. ಮೇಡಂ, ನಾನು ಇಬ್ಬರೂ ಹೋದೆವು. ಇಡೀ ಸಂಘ ಕುರ್ಚಿ ಹಾಕಿಕೊಂಡು ಕಾಯ್ತಾ ಇತ್ತು.

ನಾನು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. "ನೋಡಿ ಆಂಟಿ, ಐದೇ ಕೆಲಸದ ದಿನ."

"ವಾರದ ಮೇಲಾಯ್ತಲ್ಲಪ್ಪಾ?"

"ಭಾನುವಾರ, ಆಯುಧಪೂಜೆ, ವಿಜಯದಶಮಿ ಎಲ್ಲಾ ಕಳೀಬೇಕು ಆಂಟಿ."

ಆಂಟಿ ನಿಧಾನವಾಗಿ ಕಾಲು ಮುಂದೆ ಚಾಚಿ ಮೊಣಕಾಲು ತಟ್ಟಿದರು. "ಹೌದಾ? ಹಾಗಾದ್ರೆ ಇದಕ್ಕೆ ಯಾವ ಯಾವ ದಿನ ರಜೆ ಇತ್ತು, ಅದನ್ನೂ ನೋಡಿ ಹೇಳಪ್ಪಾ."

ಇಡೀ ಸಂಘ ಗೊಳ್ಳೆಂದಿತು. ಎಲ್ಲರಿಗಿಂತ ಮೊದಲು ನಕ್ಕವರು ನಮ್ಮ ಮೇಡಂ. ಲ್ಯಾಪ್‌ಟಾಪ್ ಮುಚ್ಚಿ, "ನಿಮ್ಮ ಲೆಕ್ಕನೇ ಸರಿ ಅಮ್ಮಾ, ಇನ್ಮೇಲೆ ಎಲ್ಲ ದಿನಾನೂ ಎಣಿಸ್ತೀವಿ" ಅಂದರು. ಕಾಂಟ್ರಾಕ್ಟ್ ಉಳೀತು, ಕಾಫಿನೂ ಬಂತು.

ಮುಂದಿನ ರಿಪೋರ್ಟಿನಲ್ಲಿ ದಿನಗಳು ಊದಿಕೊಂಡಿದ್ದನ್ನು ಕಂಡು ಓನರ್ ಕೂಗಿದರು. "ಏನ್ರೀ ಇದು! ಯಾರು ಎಣಿಸಿದ್ದು?"

ಮೇಡಂ ತಣ್ಣಗೆ ಹೇಳಿದರು: "ನಾಲ್ಕನೇ ಮಹಡಿಯವರು ಸಾರ್. ಹತ್ತಿ ಹತ್ತಿ ಎಣಿಸಿದ್ದಾರೆ."