ಒಂದೇ ಬಾಗಿಲ ಹೊಳಪು

ಕೆಲವರಿಗೆ ಎದುರಿಗೆ ಕೂತವರ ಮುಖ ನೋಡಿದರೆ ಮಾತೇ ಬರುವುದಿಲ್ಲ. ಕಣ್ಣಿಗೆ ಬೇರೆ ಏನಾದರೂ ಕೆಲಸ ಕೊಟ್ಟರೆ ಮಾತ್ರ ಅವರ ನಾಲಿಗೆ ಸಡಿಲವಾಗುತ್ತದೆ. ನಮ್ಮ ಯಜಮಾನರು ಆ ಪೈಕಿ. ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾರೆ. ಹಗಲೆಲ್ಲ ಕರಿಹಲಗೆಗೆ ಮುಖ ಮಾಡಿ ಮಾತಾಡಿ, ಸಂಜೆ ಮನೆಗೆ ಬಂದು ನನ್ನತ್ತ ಮುಖ ಮಾಡುವ ಹೊತ್ತಿಗೆ ಅವರ ಮಾತಿನ ದಾಸ್ತಾನು ಮುಗಿದಿರುತ್ತದೆ. ‘ಸಾರು ಚೆನ್ನಾಗಿದೆಯಾ?’ ಎಂದರೆ ‘ಹೂಂ.’ ‘ಉಪ್ಪು ಜಾಸ್ತಿ ಆಯ್ತಾ?’ ಎಂದರೆ ಅದಕ್ಕೂ ‘ಹೂಂ.’ ಮದುವೆಯಾದ ಹೊಸತರಲ್ಲಿ ಕಾನ್ವೆಂಟಿನಲ್ಲಿ ಕಲಿತ ನಯವಿನಯವನ್ನೆಲ್ಲ ಸುರಿದು ಅವರನ್ನು ಮಾತಿಗೆಳೆಯಲು ನೋಡಿದೆ. ಆಮೇಲೆ ಸಾರಿನ ಜೊತೆಗೇ ಮಾತಾಡಿಕೊಳ್ಳುವುದನ್ನು ರೂಢಿ ಮಾಡಿಕೊಂಡೆ.

ಈ ಮನುಷ್ಯನಿಗೆ ಮಾತು ಬರುತ್ತದೆಂದು ನನಗೆ ತಿಳಿದದ್ದು ಮನೆಗೆ ಕಾರು ಬಂದ ಮೇಲೆ. ಕಾರು ನಮ್ಮದಲ್ಲ, ಚಿಕ್ಕಬಳ್ಳಾಪುರದಲ್ಲಿರುವ ಮಾವನವರದು. ಕಡುನೀಲಿ ಬಣ್ಣದ ಪುಟ್ಟ ಕಾರು. ಅವರ ಕಣ್ಣಿಗೆ ಪೊರೆ ಬಂದು, ರಸ್ತೆಯಲ್ಲಿ ಮಲಗಿದ ಎಮ್ಮೆಗೂ ಜಲ್ಲಿ ರಾಶಿಗೂ ವ್ಯತ್ಯಾಸ ತಿಳಿಯದಂತಾದಾಗ ಅದನ್ನು ಶಿಡ್ಲಘಟ್ಟದಲ್ಲಿದ್ದ ನಮಗೆ ಒಪ್ಪಿಸಿದರು. ನನ್ನ ನಾದಿನಿಯನ್ನು ಧಾರೆಯೆರೆದು ಕೊಟ್ಟಾಗಲೂ ಅವರು ಅಷ್ಟು ಸಲ ಕಣ್ಣೊರೆಸಿಕೊಂಡಿರಲಿಲ್ಲವೆಂದು ಅತ್ತೆ ಈಗಲೂ ಹೇಳುತ್ತಾರೆ. “ನೋಡಪ್ಪ, ಒಂದೇ ಒಂದು ಗೀರು ಕಂಡ್ರೂ ವಾಪಸ್ ತಗೊಂಡೋಗಿ ಶೆಡ್ಡಲ್ಲಿ ನಿಲ್ಲಿಸ್ಕೋತೀನಿ. ಓಡಿಸ್ದಿದ್ರೂ ಪರ್ವಾಗಿಲ್ಲ, ನೋಡ್ಕೊಂಡಿರ್ತೀನಿ” ಎಂದು ಮಗನಿಗೆ ಹೇಳಿದರು. ಪೊರೆ ಬಂದ ಕಣ್ಣಲ್ಲಿ ಏನು ನೋಡಿಕೊಂಡಿರುತ್ತೀರಿ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಭಾನುವಾರ ಸಂಜೆ ಅದರಲ್ಲಿ ನಂದಿಯವರೆಗೆ ಹೋಗಿ ಬರುವುದು ನಮಗೆ ಅಭ್ಯಾಸವಾಯಿತು. ಸ್ಟಿಯರಿಂಗ್ ಹಿಡಿದು ಕಣ್ಣನ್ನು ರಸ್ತೆಗೆ ನೆಟ್ಟಿದ್ದೇ ತಡ, ನಮ್ಮವರ ಬಾಯಿ ಬಿಚ್ಚಿಕೊಂಡಿತು. ಚಿಕ್ಕಂದಿನಲ್ಲಿ ದ್ರಾಕ್ಷಿ ತೋಟಕ್ಕೆ ನುಗ್ಗಿ ಒದೆ ತಿಂದದ್ದು, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕದ ಕುರ್ಚಿಗಾಗಿ ನಡೆಯುವ ಯುದ್ಧ, ಎಲ್ಲವೂ ಬಂತು. “ನಿನ್ನ ನೋಡೋಕೆ ಬಂದಾಗ ನೀನು ಕೊಟ್ಟ ಕಾಫೀಲಿ ಸಕ್ಕರೇನೇ ಇರ್ಲಿಲ್ಲ ಕಣೇ” ಎಂದು ಒಂದು ದಿನ ಮುಂದಿನ ಲಾರಿಯನ್ನೇ ನೋಡುತ್ತ ಹೇಳಿದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, “ಕುಡಿದೆನಲ್ಲ” ಎಂದರು. ಅವತ್ತು ಮನೆಗೆ ಬಂದು ಅವರ ಕಾಫಿಗೆ ಒಂದು ಚಮಚ ಸಕ್ಕರೆ ಜಾಸ್ತಿಯೇ ಹಾಕಿದೆ. ಹಾಗಾಗಿ ಆ ಕಾರು ಹೋಗುವುದೆಂದರೆ ನನಗೆ ಬರೀ ಕಾರು ಹೋಗುವುದಲ್ಲ ಎಂಬುದು ನಿಮಗೆ ಅರ್ಥವಾದೀತು.

ಗೀರು ಬಿದ್ದದ್ದು ನಮ್ಮ ಬೀದಿಯಲ್ಲೇ. ಶಿಡ್ಲಘಟ್ಟದಲ್ಲಿ ಗೋಡೆ ಕಂಡಲ್ಲೆಲ್ಲ ಚಂದ್ರಿಕೆ ಒರಗಿಸಿರುತ್ತಾರೆ. ರೇಷ್ಮೆಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ, ಬಾಗಿಲಷ್ಟು ದೊಡ್ಡ ತಟ್ಟೆಗಳು ಅವು. ನೆರಳಿದೆಯೆಂದು ನಮ್ಮವರು ಅವುಗಳ ಪಕ್ಕ ಕಾರು ನಿಲ್ಲಿಸಿದರು. ಗಾಳಿ ಬೀಸಿತು, ಒಂದು ಚಂದ್ರಿಕೆ ಎಡಗಡೆ ಬಾಗಿಲಿನ ಮೇಲೆ ಉಸ್ಸೆಂದು ಒರಗಿ, ಉದ್ದಕ್ಕೂ ಕೆರೆದು ಕೆಳಗಿಳಿಯಿತು. ನಾವು ಕರೆಸಿದ ಪೇಂಟರು ಗೀರಿಗೆ ಬಣ್ಣ ತುಂಬಿ, ಅದು ಸಮವಾಗಲೆಂದು ಬಾಗಿಲನ್ನೆಲ್ಲ ನೀರು ಹಾಕಿ ಉಪ್ಪುಕಾಗದದಲ್ಲಿ ಉಜ್ಜಿದ. “ಪಾಲಿಷ್ ಒಂದು ಬಾಕಿ ಸಾರ್, ಬಂದು ಮಾಡ್ಕೊಡ್ತೀನಿ” ಎಂದು ಹೇಳಿ ತಂಗಿಯ ಮದುವೆಗೆ ಚಿಂತಾಮಣಿಗೆ ಹೋದ. ಗೀರೇನೋ ಹೋಗಿತ್ತು. ಆದರೆ ಬಾಗಿಲು ಮಾತ್ರ ಯಾರೋ ಉಸಿರು ಬಿಟ್ಟ ಕನ್ನಡಿಯ ಹಾಗೆ ಮಬ್ಬಾಗಿ ನಿಂತಿತ್ತು. ಆಗಲೇ ಅತ್ತೆಯ ಫೋನು ಬಂತು: “ಕಣ್ಣಿನ ಆಪರೇಷನ್ ಚೆನ್ನಾಗಾಯ್ತಮ್ಮ. ನಿಮ್ಮ ಮಾವನಿಗೆ ಈಗ ಇರುವೆ ಮೀಸೇನೂ ಕಾಣುತ್ತಂತೆ. ಭಾನುವಾರ ಬರ್ತೀವಿ, ಗಾಡಿ ನೋಡ್ಬೇಕಂತೆ.”

ಮಾವನ ಕಣ್ಣಿನ ಪೊರೆ ತೆಗೆಯುವುದಕ್ಕೆ ಡಾಕ್ಟರಿದ್ದರು. ಬಾಗಿಲಿನ ಪೊರೆ ತೆಗೆಯುವುದಕ್ಕೆ ನಾವಿಬ್ಬರೇ. ನಮ್ಮವರು ಅಂಗಡಿಯಿಂದ ಪಾಲಿಷ್ ಡಬ್ಬಿ ತಂದರು. ಉಜ್ಜುವ ವಿದ್ಯೆ ನನಗೆ ಹೊಸದಲ್ಲ. ಕಾನ್ವೆಂಟಿನ ಪುಟ್ಟ ಚರ್ಚಿನ ಹಿತ್ತಾಳೆ ದೀಪಸ್ತಂಭಗಳನ್ನು ನಮ್ಮ ಕೈಲಿ ಉಜ್ಜಿಸುತ್ತಿದ್ದ ಸಿಸ್ಟರ್ ಒಬ್ಬರು, ನಿನ್ನ ಹಲ್ಲು ನಿನಗೆ ಕಾಣುವವರೆಗೆ ನಿಲ್ಲಿಸಬೇಡ ಎನ್ನುತ್ತಿದ್ದರು. ಡಬ್ಬಿಯ ಮೇಲೆ ಮೆತ್ತನೆ ಬಟ್ಟೆ ಬಳಸಿ ಎಂದು ಬರೆದಿತ್ತು. ನಮ್ಮೂರಲ್ಲಿ ಮೆತ್ತನೆ ಎಂದರೆ ಕೈ ತಾನಾಗಿಯೇ ರೇಷ್ಮೆಗೆ ಹೋಗುತ್ತದೆ. ಅಂಚು ಹರಿದ ಹಳೆಯ ಸೀರೆಯೊಂದನ್ನು ಕತ್ತರಿಸಿ, ಭಕ್ತಿಯಿಂದ ಉಜ್ಜಲು ಕೂತೆ.

ಸಂಜೆ ಓರೆ ಬಿಸಿಲು ಬಾಗಿಲ ಮೇಲೆ ಬಿದ್ದಾಗ ನೋಡಿದರೆ, ಕೂದಲೆಳೆಯಂಥ ಹೊಸ ಗೀರುಗಳು ಸುತ್ತಿ ಸುತ್ತಿ ಮಲಗಿದ್ದವು. “ರೀ, ಬನ್ನಿ ಇಲ್ಲಿ! ಗೀರು ಹೋಗ್ತಿಲ್ಲ, ಮರಿ ಹಾಕ್ತಿದೆ!” ನಮ್ಮವರು ಬಂದು ಬಾಗಿಲು ನೋಡಿದರು, ಸೀರೆ ತುಂಡು ನೋಡಿದರು, ಅದನ್ನು ಮಗುಚಿ ಅದರ ಮಧ್ಯದಲ್ಲಿದ್ದ, ಉಗುರಿನಂತೆ ಕೆರೆಯುವ ಜರಿಯ ಮಾವಿನಕಾಯಿ ಚಿತ್ತಾರದ ಮೇಲೆ ಬೆರಳಾಡಿಸಿದರು. “ಸರಿಹೋಯ್ತು. ಚಂದ್ರಿಕೆ ಶುರು ಮಾಡಿದ್ದನ್ನ ರೇಷ್ಮೆ ಮುಂದುವರಿಸ್ತಿದೆ” ಎಂದರು. ಅಷ್ಟು ಉದ್ದದ ವಾಕ್ಯವನ್ನು ಅವರು ಮನೆಯಲ್ಲಿ ಆಡಿದ್ದು ನನಗೆ ನೆನಪಿಲ್ಲ. ಆದರೆ ಆಗ ಅದನ್ನು ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವರು ಒಳಗೆ ಹೋಗಿ, ಒಗೆದು ಒಗೆದು ಬೆಣ್ಣೆಯಂತಾಗಿದ್ದ ತಮ್ಮ ಹಳೆಯ ಬನಿಯನ್ ತಂದರು. ಇಬ್ಬರೂ ಮಣೆ ಹಾಕಿಕೊಂಡು ಬಾಗಿಲಿನ ಮುಂದೆ ಕೂತೆವು. ಕಡಲೆಕಾಳಿನಷ್ಟು ಪಾಲಿಷ್ ಹಚ್ಚುವುದು, ಹಗುರಾಗಿ ಉಜ್ಜುವುದು, ಒರೆಸಿ ಓರೆಯಾಗಿ ನೋಡುವುದು, ಮತ್ತೆ ಹಚ್ಚುವುದು. ಶನಿವಾರ ಸಂಜೆಯ ಹೊತ್ತಿಗೆ ಎದುರು ಮನೆಯ ದಾಸವಾಳ ನಮ್ಮ ಬಾಗಿಲಲ್ಲಿ ಅರಳಿತ್ತು. ನನ್ನ ಹಲ್ಲೂ ಕಂಡವು.

ಭಾನುವಾರ ಮಾವ ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದರು. ನೀರು ಕೂಡ ಕುಡಿಯದೆ ಕಾರಿನ ಸುತ್ತ ಬಂದರು. ಎಡಗಡೆ ಬಾಗಿಲಿನ ಮುಂದೆ ನಿಂತು ಕನ್ನಡಕ ತೆಗೆದರು. ನಾನು ಸೆರಗಿನ ತುದಿಯನ್ನು ಹಗ್ಗವಾಗಿ ಹೊಸೆಯುತ್ತಿದ್ದೆ.

“ಇದೊಂದು ಬಾಗಿಲು ಬಂಗಾರದಂಗೆ ಇಟ್ಟಿದ್ದೀಯಪ್ಪ” ಎಂದರು. “ಉಳಿದ ಗಾಡಿಗೇನು ಬಂತು ರೋಗ? ಹಿಂಗ್ಯಾಕೆ ಮಂಕಾಗಿದೆ? ನಾನು ಕೊಟ್ಟಾಗ ಹಿಂಗಿರ್ಲಿಲ್ಲ.”

ಅವರು ಕೊಟ್ಟಾಗಲೂ ಇದ್ದದ್ದು ಹಾಗೇ. ವರ್ಷಗಟ್ಟಲೆ ಬೆಳಗಾಗೆದ್ದು, ಒಣ ಧೂಳನ್ನು ಹಳದಿ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ, ಆ ಮಂಕನ್ನು ಅಷ್ಟು ಪ್ರೀತಿಯಿಂದ ಕೂರಿಸಿದ್ದು ಅವರೇ. ತುಂಬ ಮುದ್ದು ಮಾಡಿದ್ದರ ಗುರುತು ಅದು. ಹೇಳುವುದಾದರೂ ಹೇಗೆ? ನಮ್ಮವರನ್ನು ನೋಡಿದೆ. ತಂದೆಯ ಮುಖ ಎದುರಿಗಿತ್ತಲ್ಲ, ಅವರು “ಹೂಂ” ಎಂದರು.

“ಒಂದೊಂದೇ ಬಾಗಿಲು ಮಾಡ್ತಾ ಇದ್ದೀವಿ ಮಾವ. ಇದು ಮೊದಲನೇದು” ಎಂದುಬಿಟ್ಟೆ.

ಮಾವನ ಮುಖ ಅರಳಿತು. “ಹಂಗೆ ಹೇಳಮ್ಮ ಮತ್ತೆ! ನಿಧಾನಕ್ಕೆ ಪೂರ್ತಿ ಮುಗಿಸಿ. ಮುಗಿದ ಮೇಲೆ ನಾನು ತಗೊಂಡೋಗ್ತೀನಿ. ಹೆಂಗೂ ಈಗ ಕಣ್ಣು ಬಂತಲ್ಲ.”

ಗೀರು ಕಂಡರೆ ಕಾರು ಹೋಗುತ್ತದೆಂದು ಹೆದರಿದ್ದೆವು. ಈಗ ಹೊಳೆದರೂ ಹೋಗುತ್ತದೆ ಎಂದಾಯಿತು. ಆದರೂ ಕೊಟ್ಟ ಮಾತು, ಸಂಜೆಯಾದರೆ ಇಬ್ಬರೂ ಮಣೆ ಹಾಕಿಕೊಂಡು ಕೂರುತ್ತೇವೆ. ಬಲಗಡೆ ಬಾಗಿಲು ಮುಗಿಯುವಷ್ಟರಲ್ಲಿ ನನಗೊಂದು ವಿಷಯ ಹೊಳೆಯಿತು: ನಮ್ಮವರು ಮಾತಾಡುತ್ತಿದ್ದಾರೆ! ಕಾರು ಓಡುತ್ತಿಲ್ಲ, ನಂದಿ ಬೆಟ್ಟ ಮುಂದಿಲ್ಲ, ಇಬ್ಬರ ಕಣ್ಣೂ ಒಂದೇ ಕಡೆಗಿದೆ, ಅಷ್ಟೇ. ಮೊನ್ನೆ ಬಾನೆಟ್ ಉಜ್ಜುತ್ತಿದ್ದವರು ಕೈ ನಿಲ್ಲಿಸಿ, “ಏನೇ, ನಿಂಗೆ ಬಿಳಿ ಕೂದಲು ಬಂದಿದೆ. ಚೆನ್ನಾಗೇ ಕಾಣ್ತದೆ” ಎಂದರು. ಬಾನೆಟ್ಟಿಗೆ ಹೇಳಿದರು. ನಾನೂ ಬಾನೆಟ್ಟಿನಲ್ಲೇ ನೋಡಿಕೊಂಡು ನಾಚಿದೆ.

ಈಗ ಡಿಕ್ಕಿಯೊಂದು ಬಾಕಿ. “ಏನಮ್ಮಾ, ಇನ್ನೂ ಮುಗೀಲಿಲ್ವಾ? ನಿಮ್ಮ ಮಾವ ಶೆಡ್ಡು ಗುಡಿಸಿಟ್ಕೊಂಡು ಕೂತವ್ರೆ” ಎಂದು ಅತ್ತೆ ನಿನ್ನೆಯೂ ಫೋನಿನಲ್ಲಿ ಕೇಳಿದರು. ಸ್ವಲ್ಪ ಮಬ್ಬು ಉಳಿದಿದೆ ಅತ್ತೆ ಎಂದೆ. ಸುಳ್ಳಲ್ಲ. ಜರಿಯ ಮಾವಿನಕಾಯಿ ಇದ್ದ ಆ ಸೀರೆ ತುಂಡನ್ನು ನಾನು ಎಸೆದಿಲ್ಲ. ಒಗೆದು, ಮಡಿಸಿ, ಬೀರುವಿನಲ್ಲಿ ಕೈಗೆ ಸಿಗುವಂತೆ ಇಟ್ಟಿದ್ದೇನೆ. ಡಿಕ್ಕಿ ಹೊಳೆಯತೊಡಗಿದ ದಿನ ಬೇಕಾಗುತ್ತದೆ.